ಬಯಲಿಗೆ ಬಂದ ಕುರ್ಚಿ

ನಾನೊಂದು ಕುರ್ಚಿ. ಧಾರವಾಡದ ಬಡಿಗ ಈರಪ್ಪ ನನ್ನನ್ನು ಸಾಗವಾನಿಯಿಂದ ಮಾಡಿ, ಪಾಲಿಶ್ ಹಚ್ಚಿ, ಹುಡುಗಿಯರ ಹಾಸ್ಟೆಲಿಗೆ ಕಳಿಸಿದ. ಅಲ್ಲಿ ಎಷ್ಟೋ ಹುಡುಗಿಯರು ನನ್ನ ಮೇಲೆ ಕೂತು ಓದಿ, ಪಾಸಾಗಿ, ತಿರುಗಿಯೂ ನೋಡದೆ ಹೋದರು. ಶಿವಲೀಲಾ ಹಾಗಲ್ಲ. ನರಗುಂದದಿಂದ ಬಿಎಸ್ಸಿ ಓದಲು ಬಂದ ಆಕೆ ಕ್ಲಾಸು ಮುಗಿದರೆ ಸೀದಾ ನನ್ನ ಬಳಿಗೆ ಬರುತ್ತಿದ್ದಳು. ಊಟವೂ ನನ್ನ ಮೇಲೆಯೇ. ಇಂಥವಳು ಸಿಗಲು ಪುಣ್ಯ ಬೇಕು ಎಂದು ಬೀಗಿದೆ.

ಬರಬರುತ್ತ ಅವಳಿಗೆ ನಿದ್ದೆ ಬರದಾಯಿತು. ತಲೆನೋವು, ಸುಮ್ಮಸುಮ್ಮನೆ ಅಳು, ಓದಿದ್ದು ಒಂದೂ ನೆನಪಿಲ್ಲ. ಕಾಲೇಜು ಬಿಟ್ಟು ಊರಿಗೆ ಹೋಗುತ್ತೇನೆಂದು ಎದ್ದು ನಿಂತು ಬ್ಯಾಗು ತುಂಬತೊಡಗಿದಳು. ಆಗ ಹೊಸ ವಾರ್ಡನ್ ವಸುಂಧರಾ ಮೇಡಂ ಬಂದರು. ಅವರು ಮೈಸೂರಿನವರು.

"ಬ್ಯಾಗು ಆಮೇಲೆ ನೋಡೋಣಮ್ಮ. ಮೊದಲು ದಿನಾ ಸಂಜೆ ಬಯಲಿಗೆ ಹೋಗಿ ಬಾ," ಎಂದರು.

ರೂಮಿನ ಜೊತೆಗಾತಿ ನಸ್ರೀನ್ ಬಾಯಿಗೆ ಓಢಣಿ ಒತ್ತಿಕೊಂಡಳು. "ಮೇಡಂ, ನಮ್ಮ ಕಡೆ ಬಯಲಕಡಿ ಹೋಗೂದಂದ್ರ ನೀರಿನ ಚರಗಿ ಹಿಡ್ಕೊಂಡು ಹೋಗೂದ್ರಿ."

ಮೇಡಂ ಮುಖ ಕೆಂಪಾಯಿತು. ಎಷ್ಟೋ ದಿನಗಳ ಮೇಲೆ ಶಿವಲೀಲಾ ಬಿದ್ದುಬಿದ್ದು ನಕ್ಕಳು. ಅದೇ ನಗೆಯಲ್ಲಿ ಮೂವರೂ ಹೊರಗೆ ಹೋದರು. ಚರಗಿಯ ಕೆಲಸ ತಾನೇ, ಬೇಗ ಬಂದಾಳು ಎಂದು ಕಾದೆ. ಕತ್ತಲಾದರೂ ಬರಲಿಲ್ಲ.

ಅವಳು ಅಂಗಳದ ಬೇವಿನ ಮರದ ಬುಡದಲ್ಲಿ ಕೂತಿದ್ದಳು. ಕಿಟಕಿಯಿಂದ ನೋಡಿ ನನಗೆ ಹೊಟ್ಟೆ ಉರಿದುಹೋಯಿತು. ಆ ಬೇವಿಗೆ ಪಾಲಿಶ್ ಇದೆಯೇ? ಕೈಯಿಡಲು ಹಿಡಿಕೆ ಇದೆಯೇ? ನಾನೂ ಮರವೇ ಅಲ್ಲವೇ, ಅದೂ ಸಾಗವಾನಿ! ಮರುದಿನ ಅವಳು ಹೊರಟಾಗ ಓಢಣಿಯನ್ನು ನನ್ನ ಮೊಳೆಗೆ ಸಿಕ್ಕಿಸಿಕೊಂಡು ಎಳೆದೆ. ಬಿಡಿಸಿಕೊಂಡು ಹೋದಳು. ದಿನ ಕಳೆದಂತೆ ಅವಳಿಗೆ ನಿದ್ದೆ ಬಂತು, ಬ್ಯಾಗಿನ ಬಟ್ಟೆ ಮತ್ತೆ ಕಪಾಟು ಸೇರಿತು. ಎಲ್ಲರೂ ಬೇವನ್ನು ಹೊಗಳಿದರು. ನನ್ನನ್ನು ಕೇಳುವವರೇ ಇರಲಿಲ್ಲ.

ಈಗ ನನ್ನ ಒಂದು ಕಾಲು ಮುರಿದಿದೆ. ತಂದು ಅದೇ ಬೇವಿಗೆ ಆನಿಸಿ ನಿಲ್ಲಿಸಿದ್ದಾರೆ. ವೈರಿಯ ಹೆಗಲೇ ನನಗೆ ಆಸರೆ! ಶಿವಲೀಲಾ ಕೊನೆಯ ವರ್ಷದಲ್ಲಿದ್ದಾಳೆ. ದಿನಾ ಬರುತ್ತಾಳೆ, ನನ್ನ ಮೇಲೆ ನೀರಿನ ಬಾಟಲಿ ಇಟ್ಟು ತಾನು ನೆಲದ ಮೇಲೆ ಕೂರುತ್ತಾಳೆ.

ನಿನ್ನೆ ಹೊಸ ಹುಡುಗಿಯೊಬ್ಬಳನ್ನು ಕೈಹಿಡಿದು ಕರೆತಂದಳು. ಅತ್ತು ಅತ್ತು ಆ ಹುಡುಗಿಯ ಕಣ್ಣು ಊದಿದ್ದವು. ಅವಳು ನನ್ನ ಕಡೆಗೇ ಬಂದಾಗ ನನ್ನ ಜೀವ ಹಿಗ್ಗಿತು.

"ಕುರ್ಚಿ ಬ್ಯಾಡವಾ, ನೆಲಕ್ಕ ಕೂಡು," ಎಂದಳು ಶಿವಲೀಲಾ. "ಬಯಲಕಡಿ ಬಂದವರಿಗೆ ಕುರ್ಚಿ ಯಾಕ?"

ಆ ಹುಡುಗಿ ನಕ್ಕುಬಿಟ್ಟಳು. ನನ್ನ ಹೊಟ್ಟೆಯುರಿ ಇನ್ನೂ ಆರಿಲ್ಲ. ಆದರೆ ಇಷ್ಟು ವರ್ಷ ನನ್ನ ಮೇಲೆ ಕೂತವರಲ್ಲಿ ಒಬ್ಬರೂ ಹಾಗೆ ನಕ್ಕದ್ದು ನನಗೆ ನೆನಪಿಲ್ಲ.