ಹಾಲಮ್ಮನ ಕನಸಿಗೆ ರಾಗ

ಶೇಷಮ್ಮನವರು ಆ ಕವಿತೆಯನ್ನು ಎದುರಿಗಿಟ್ಟುಕೊಂಡು ಹಾರ್ಮೋನಿಯಂ ಮುಂದೆ ಕೂತದ್ದು ಇದು ಮೂರನೆಯ ಸಂಜೆ. ಭದ್ರಾವತಿಯ ಗೆಳತಿ ಹಾಲಮ್ಮ ಆಪರೇಷನ್ ಆಗಿ ಮಲಗಿದ್ದಾಗ ಕಂಡ ಕನಸನ್ನು ಹದಿನಾರು ಸಾಲುಗಳಲ್ಲಿ ಬರೆದಿದ್ದರು. ಭಾನುವಾರ ಅಲ್ಲಿನ ಮಹಿಳಾ ಸಮಾಜದಲ್ಲಿ ಅದನ್ನು ಹಾಡಿಸಬೇಕು.

ಹೊಳೆ ಬಂದು ಬಾಗಿಲು ತಟ್ಟಿತು,
ಅಮ್ಮ ಅದಕ್ಕೆ ಜಡೆ ಹೆಣೆದಳು,
ಜಡೆಯ ತುದಿಯಲ್ಲಿ ಊರು ಮಲಗಿತ್ತು.

ಕವಿತೆ ಕೊಡುವಾಗ ಹಾಲಮ್ಮ ಕೇಳಿಕೊಂಡದ್ದು ಒಂದೇ. "ಯಾವ ಸಾಲನ್ನೂ ಎರಡು ಸಲ ಹಾಡಿಸ್ಬೇಡ ಕಣೇ. ಕನಸಲ್ಲಿ ದಾಟಿದ ಬಾಗಿಲು ಆಮೇಲೆ ಇರಲ್ಲ."

ಶೇಷಮ್ಮ ಹೂಂ ಎಂದುಬಿಟ್ಟಿದ್ದರು. ಮೂವತ್ತು ವರ್ಷದಿಂದ ಭಾವಗೀತೆಗಳಿಗೆ ರಾಗ ಹಾಕುತ್ತ ಬಂದ ಶೇಷಮ್ಮನವರಿಗೆ ಮೊದಲ ಸಾಲೇ ಆಸರೆ; ಹಾಡು ಎಲ್ಲಿ ಅಲೆದರೂ ಪಲ್ಲವಿಗೆ ಮರಳಿದರೆ ಮನೆಗೆ ಬಂದ ಹಾಗೆ. ಇದರಲ್ಲಿ ಮರಳುವ ಮಾತೇ ಇಲ್ಲ. ಕೆಹರ್ವಾ ತಾಳದಲ್ಲಿ ಕೂರಿಸಿದರು, ದಾದ್ರಾಕ್ಕೆ ಬದಲಿಸಿದರು. ಒಂದು ಸಾಲು ಉದ್ದ, ಇನ್ನೊಂದು ಮೋಟು.

"ಉಸಿರು ತಗೊಳ್ಳೋಕೆ ಜಾಗಾನೇ ಇಲ್ಲ ಮೇಡಂ, ತಬಲಾ ಅಟ್ಟಿಸ್ಕೊಂಡು ಬರುತ್ತೆ," ಎಂದಳು ಹಾಡುವ ಇಂಪನಾ.

"ನಂಗಂತೂ ಹೊಳೆಗೆ ಜಡೆ ಹಾಕೋ ಹೊತ್ತಿಗೆ ನಿದ್ದೆ ಬಂತು," ಎಂದ ಕೊಳಲಿನ ಯೋಗರಾಜ್.

"ಮಲಗು ಮಾರಾಯ. ಕನಸಿನ ಹಾಡಿಗೆ ಒಬ್ಬನಾದ್ರೂ ನಿದ್ದೆ ಮಾಡ್ಲಿ," ಎಂದರು ತಬಲಾದ ಜಂಬಣ್ಣ. ನಗಲು ಯಾರಲ್ಲೂ ತ್ರಾಣವಿರಲಿಲ್ಲ.

ಜಂಬಣ್ಣ ಭದ್ರಾವತಿಯವರು. ಕಾರ್ಖಾನೆಯ ಫಸ್ಟ್ ಶಿಫ್ಟ್ ಮುಗಿಸಿ, ತಬಲಾದ ಎರಡು ಚೀಲ ಹೊತ್ತು, ಮಲವಗೊಪ್ಪದ ಈ ಮನೆಯ ತನಕ ಬಸ್ಸಿನಲ್ಲಿ ನಿಂತೇ ಬಂದಿದ್ದರು. ತಬಲಾ ಈ ಹಾಡಿಗೆ ಹೊಂದದು ಎಂಬುದು ಶೇಷಮ್ಮನವರಿಗೆ ನಿನ್ನೆಯೇ ಗೊತ್ತಾಗಿತ್ತು. ಹೇಳುವುದಕ್ಕೆ ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಶಿವಮೊಗ್ಗದಲ್ಲಿ ನುಡಿಸಿದ ಮನುಷ್ಯ, ತಮ್ಮ ಊರಿನ ವೇದಿಕೆಯಲ್ಲಿ ಕೂರುವುದು ಇದೇ ಮೊದಲು. ಹೆಂಡತಿ ವೀರಮ್ಮ ಆಗಲೇ ಕ್ವಾರ್ಟರ್ಸ್‌ನವರನ್ನೆಲ್ಲ ಕರೆದಾಗಿತ್ತು.

"ಇನ್ನೊಂದು ಸಲ ನೋಡೋಣ," ಎಂದರು ಶೇಷಮ್ಮ, ದಣಿದ ಕಣ್ಣುಜ್ಜಿಕೊಂಡು.

ಐದನೆಯ ಸಾಲಿಗೆ ಜಂಬಣ್ಣ ಕೈ ಎತ್ತಿದರು. ತಬಲಾಗಳ ಮೇಲೆ ಮುಸುಕು ಹಾಕಿ, ಗೋಡೆಗೆ ಒರಗಿಸಿದ್ದ ತಂಬೂರಿಯನ್ನು ತೊಡೆಗೆ ತಂದುಕೊಂಡರು.

"ಜಂಬಣ್ಣ, ಬೇಜಾರಾಯ್ತಾ?"

"ಆಗ್ದೆ ಏನು ಮೇಡಂ. ಆದ್ರೆ ನಿನ್ನೆಯಿಂದ ನೀವು ನನ್ನ ಮುಖಾನೇ ನೋಡ್ತಿಲ್ಲ. ಹೇಳೋಕಾಗ್ದೆ ನೀವೇ ಸೊರಗಿ ಹೋಗ್ತೀರಿ. ಹಾಡಮ್ಮ ಇಂಪನಾ, ನಿನ್ನ ಉಸಿರಿಗೆ ಎಷ್ಟು ಬೇಕೋ ಅಷ್ಟು ನಿಲ್ಲು."

ಇಂಪನಾ ಹಾಡಿದಳು. ಸಾಲು ಮುಗಿದಲ್ಲಿ ಅಟ್ಟಿಸಿಕೊಂಡು ಬರುವವರು ಯಾರೂ ಇರಲಿಲ್ಲ. ತಂತಿ ಮಾತ್ರ ಮಿಡಿಯುತ್ತಿತ್ತು, ಕೊಳಲು ಇಷ್ಟವಾದಾಗ ಬಂದು ಸೇರುತ್ತಿತ್ತು. ಶೇಷಮ್ಮನವರ ಬೆರಳು ಹಾರ್ಮೋನಿಯಂ ಮೇಲೆ ಹೆಚ್ಚೇನೂ ಮಾಡಲಿಲ್ಲ. ಹದಿನಾರನೆಯ ಸಾಲು ಹಿಂದಿರುಗದೆ ಮುಗಿಯಿತು.

"ಇದೇ," ಎಂದರು ಶೇಷಮ್ಮ.

"ವೀರಮ್ಮಂಗೆ ಏನು ಹೇಳ್ತೀರಿ?" ಎಂದು ಆಮೇಲೆ ಜಂಬಣ್ಣನವರನ್ನು ಕೇಳಿದರು.

"ತಂಬೂರಿ ಅಂತೀನಿ. ಅದೂ ಸ್ಟೇಜ್ ಮೇಲೇ ಅಲ್ವಾ. ಅವಳಿಗೆ ನಾನು ಕಂಡ್ರೆ ಸಾಕು, ಕೇಳಿಸ್ಲೇಬೇಕು ಅಂತೇನಿಲ್ಲ."

ಹಾಗೆನ್ನುವಾಗ ಅವರು ನಕ್ಕರು, ತಬಲಾಗಳನ್ನು ಚೀಲಕ್ಕಿಳಿಸಿ ದಾರ ಕಟ್ಟಿದರು. ಶೇಷಮ್ಮ ಚಪ್ಪಲಿ ಮೆಟ್ಟಿ, ಎಡಗೈಯಲ್ಲಿ ನುಡಿಸುವ ಭಾರದ ಡಗ್ಗಾ ಇದ್ದ ಚೀಲವನ್ನು ತಾವೇ ಎತ್ತಿಕೊಂಡರು. ಬೇಡ ಬೇಡ ಎನ್ನುತ್ತಲೇ ಜಂಬಣ್ಣ ಬಸ್ ಸ್ಟಾಪಿನ ತನಕ ಪಕ್ಕದಲ್ಲಿ ನಡೆದರು.