ಮುಂದಿನ ಸೀಟಿನಲ್ಲಿ ಅತ್ತೆ

ಇದು ನಿಜವಾಗಿ ನಡೆದದ್ದು. ಸುಳ್ಳಾದರೆ ನನ್ನ ಗಾಡಿಯ ಚಕ್ರಗಳು ಮರಳಲ್ಲಿ ಹೂತುಹೋಗಲಿ. ಹೇಗೂ ವಾರಕ್ಕೊಮ್ಮೆ ಹೂತೇ ಹೋಗುತ್ತವೆ.

ಲಿಬಿಯಾ ಗಡಿಗೆ ತಾಗಿದ ನಮ್ಮ ತದ್ರಾರ್ತ್ ಮರುಭೂಮಿ ಉದ್ಯಾನಕ್ಕೆ ಬಂದವರಿಗೆ ನಾವು ಚಾಲಕರು ಹೇಳುವುದು ಒಂದೇ ಮಾತು: ಗಾಡಿ ಕೆಟ್ಟರೆ ಅದನ್ನು ಬಿಟ್ಟು ಕದಲಬೇಡಿ. ಇದನ್ನೇ ಹೇಳಿಕೊಡುತ್ತಿದ್ದ ಚಾಲಕ ಗೂಮಾ ಹೋದ ಬೇಸಿಗೆಯಲ್ಲಿ ಗಾಡಿ ಬಿಟ್ಟು ಬಾವಿಯ ಕಡೆ ನಡೆದ. ಗಾಡಿ ಬೇಗ ಸಿಕ್ಕಿತು. ಅವನು ಸಿಗಲು ವಾರ ಹಿಡಿಯಿತು.

ಅಂದಿನಿಂದ ಅವನ ತಮ್ಮ ಉಕ್ಸೆಮ್ ಅಳಲಿಲ್ಲ, ನಗಲಿಲ್ಲ. ಉಕ್ಸೆಮ್ ನನ್ನ ಸೋದರಮಾವನ ಮಗ; ನಾನು, ಬಿಗಾ, ಅವನಿಗೆ ಭಾವ. ನಮ್ಮಲ್ಲಿ ಭಾವ ಎಷ್ಟು ಗೋಳುಹೊಯ್ದುಕೊಂಡರೂ ಸಿಟ್ಟಾಗುವಂತಿಲ್ಲ. ಅವನನ್ನು ನಗಿಸಲೆಂದು ಊರಿನವರೆಲ್ಲರ ದನಿ ಅಣಕಿಸಿ ತೋರಿಸಿದೆ. ಗೋಡೆ ನೋಡಿದಂತೆ ನೋಡಿದ.

ಒಂದು ಮಧ್ಯಾಹ್ನ ಗಡಿಯ ಕಡೆಯಿಂದ ಅವನ ಉಪಗ್ರಹ ಫೋನಿನ ಕರೆ ಬಂತು.

"ಆಕ್ಸಲ್ ಮುರೀತು ಭಾವ. ನೀರೂ ಮುಗೀತು. ಬಾವಿ ಕಡೆ ನಡೀತೀನಿ."

"ತಲೆ ಕೆಟ್ಟಿದ್ಯಾ? ಅಲ್ಲೇ ಕೂತ್ಕೋ, ಬರ್ತೀನಿ."

"ಕೂತ್ರೇನು, ನಡೆದ್ರೇನು."

ಹವಾಮಾನ ವರದಿ ಓದಿದಂತಿತ್ತು. ಲೈನು ಕಡಿಯಿತು.

ಉದ್ಯಾನದ ಗೇಟಿನಲ್ಲಿದ್ದ ನಾನು ಗಾಡಿ ಹತ್ತಿದೆ. ಬೇಡಿಕೊಂಡರೆ ಅವನು ಕೇಳುವವನಲ್ಲ. ಆದರೆ ನಮ್ಮ ಗಂಡಸರು ಹೆಣ್ಣು ಕೊಟ್ಟ ಅತ್ತೆಯೆದುರು ಬಾಯಿ ಕೂಡ ತೋರಿಸುವುದಿಲ್ಲ, ಕಣ್ಣಿನವರೆಗೆ ಮುಸುಕು, ಎದುರಾಡುವುದಂತೂ ದೂರ. ಮತ್ತೆ ಫೋನು ಮಾಡಿ, ಗಂಟಲು ಕೆರೆದು, ಮೂಗಿನಿಂದ ಮಾತು ಎಳೆದೆ.

"ಅಳಿಯಂದ್ರೇ... ನಾನು, ನಿಮ್ಮತ್ತೆ ಖದ್ದೂಜಾ. ಬಿಗಾನ ಗಾಡೀಲಿ ನಿಮ್ಹತ್ರಾನೇ ಬರ್ತಿದೀನಿ. ಅಲ್ಲೇ ಇರ್ತೀರೋ, ಇಲ್ಲಾ ಈ ಮುದುಕಿ ಕೈಲಿ ಬಿಸಿಲಲ್ಲಿ ಹುಡುಕಿಸ್ತೀರೋ?"

ಆ ಕಡೆ ಬಟ್ಟೆ ಸರಭರ ಎಂದಿತು. ಆಮೇಲೆ ಬಟ್ಟೆಯ ಹಿಂದಿನಿಂದ ಬಂದ ದನಿ:

"ಇರ್ತೀನಿ, ಅತ್ತೆಯವರೇ."

ಫೋನಿಗೂ ಮುಸುಕೆಳೆದುಕೊಂಡಿದ್ದ.

ನಾನೊಬ್ಬನೇ ಬರುವುದು ದೂರದಿಂದ ಕಂಡರೆ ಎದ್ದು ಹೊರಟಾನು. ನೀರಿನ ಡ್ರಮ್ಮನ್ನು ಮುಂದಿನ ಸೀಟಿಗೆ ತಂದು, ನನ್ನ ಕಂಬಳಿಯನ್ನು ಹೆಂಗಸರಂತೆ ಹೊದಿಸಿ, ಬೆಲ್ಟು ಬಿಗಿದೆ.

ಹೊತ್ತು ಇಳಿಯುವಾಗ ತಲುಪಿದೆ. ಗಾಡಿಯ ನೆರಳಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ, ಕಣ್ಣೆರಡೇ ಕಾಣುವಂತೆ. ಎದ್ದು ತೂರಾಡುತ್ತ ಬಂದು ಡ್ರಮ್ಮಿನ ಬದಿಯ ಬಾಗಿಲು ತೆರೆದ. ನೆಲ ನೋಡುತ್ತಲೇ ಹೇಳಿದ:

"ನನ್ನಿಂದ ನಿಮ್ಗೆ ತೊಂದ್ರೆ ಆಯ್ತು. ಎಲ್ಲೂ ಹೋಗ್ಲಿಲ್ಲ, ಅತ್ತೆಯವರೇ. ಇಲ್ಲೇ ಇದ್ದೆ."

ಡ್ರಮ್ಮು ಗುಳುಗುಳು ಎಂದಿತು.

ಅವನು ಮೆಲ್ಲಗೆ ಕಣ್ಣೆತ್ತಿದ. ಕಂಬಳಿ ಸರಿಸಿ ಡ್ರಮ್ಮಿನ ಮುಚ್ಚಳವನ್ನೇ ನೋಡುತ್ತ ನಿಂತ.

"ಅಳಿಯಂದ್ರೇ," ನಾನು ಮೂಗಿನಿಂದ ಎಳೆದೆ, "ಮೊದ್ಲು ನನ್ನನ್ನ ಕುಡೀರಿ."

ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಅಂದುಕೊಂಡೆ. ಮುಸುಕು ಗಲ್ಲದಿಂದ ಜಾರಿತು. ನಗುತ್ತಿದ್ದ ಒಡೆದ ತುಟಿಯಿಂದ ರಕ್ತ ಜಿನುಗುತ್ತಿತ್ತು. ನಾನೂ ನಕ್ಕೆ, ಆದರೆ ಎದುರಿನ ಬಂಡೆಗೆ ಬಡಿದು ಮರಳಿ ಬಂದದ್ದು ಅವನ ನಗು.