ಮಾಳಿಗೆ ಟ್ಯಾಂಕಿನ ಲೆಕ್ಕ

ಲೆಕ್ಕದ ಮೇಡಂಗೆ ಆ ದಿನ ಸಂಜೆ ಐದರೊಳಗೆ ಒಂದು ಸಹಿ ಹಾಕುವುದಿತ್ತು. ಇಪ್ಪತ್ತು ವರ್ಷ ಪಾಠ ಮಾಡಿದವರು ಕೇಳಿಕೊಂಡರೆ ಮೇಲಿನ ಕಚೇರಿಯಲ್ಲಿ ಕಡತ ನೋಡುವ ಕೆಲಸ ಕೊಡುತ್ತಿದ್ದರು. ಅರ್ಜಿ ತುಂಬಿ ಆಗಿತ್ತು. ಶಾಲೆಯ ಗುಮಾಸ್ತರ ಮೇಜಿನ ಮೇಲೆ ಸಹಿಯೊಂದಕ್ಕೆ ಕಾದು ಕೂತಿತ್ತು. "ಗಂಟಲು ಹರ್ಕೊಂಡಿದ್ದು ಸಾಕು ಕಣೇ, ಇನ್ನಾದ್ರೂ ಫ್ಯಾನಿನ ಕೆಳಗೆ ಕೂತ್ಕೋ," ಎಂದು ಬೆಳಿಗ್ಗೆ ಅಕ್ಕ ಫೋನಿನಲ್ಲಿ ಹೇಳಿದ್ದಳು. ಮೇಡಂ ಇಲ್ಲ ಅಂದಿರಲಿಲ್ಲ.

ಮೊದಲು ಅವರ ತರಗತಿ ಹೀಗಿರಲಿಲ್ಲ. ಹಗ್ಗ ಹಿಡಿಸಿ ಅಂಗಳ ಅಳೆಸುತ್ತಿದ್ದರು, ಕಲ್ಲುಹರಳು ಹಂಚಿಸಿ ಭಾಗಾಕಾರ ಹೇಳಿಕೊಡುತ್ತಿದ್ದರು. ಆಮೇಲೆ ಮೇಲಿನ ಕಚೇರಿಯಿಂದ ಒಂದು ದಪ್ಪ ಪುಸ್ತಕ ಬಂತು. ಇಂದಿನ ಪಾಠ ಮಕ್ಕಳ ಮನಸ್ಸಿಗೆ ಹಿಡಿಸುವಂತೆ ಏನು ಮಾಡಿದಿರಿ ಎಂದು ದಿನಾ ಎರಡು ಪುಟ ಅದರಲ್ಲಿ ಬರೆಯಬೇಕು. ಬರೆಯುವುದರಲ್ಲೇ ಹೊತ್ತು ಹೋಗಿ, ಮಾಡುವುದಕ್ಕೆ ಹೊತ್ತೇ ಉಳಿಯಲಿಲ್ಲ. ಈಗ 'ಆಟ, ಹಾಡು' ಎಂದು ಪುಸ್ತಕದಲ್ಲಿ ಬರೆದು, ಹಲಗೆಯ ಮೇಲೆ ಲೆಕ್ಕ ಗೀಚುತ್ತಿದ್ದರು. ಮಕ್ಕಳು ತುಟಿ ಪಿಟಕ್ಕೆನ್ನದೆ ನೋಡಿ ಬರೆದುಕೊಳ್ಳುತ್ತಿದ್ದರು. ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟಿಗೂ ಶಕ್ತಿ ಬೇಕಲ್ಲ.

ಕೊನೆಯ ಎರಡು ಪಿರಿಯಡ್ಡು ಏಳನೇ ತರಗತಿ. 'ಒಂದು ನಲ್ಲಿ ಒಂದು ತೊಟ್ಟಿಯನ್ನು' ಎಂದು ಬರೆಯುತ್ತಿರುವಾಗಲೇ ಗಂಟೆ ಹೊಡೆಯುವ ಅಜ್ಜಿ ಬಂದು ಬಾಗಿಲು ಹಿಡಿದು ನಿಂತಳು.

"ತಾಯಿ, ಮಾಳಿಗೆ ಮೇಲಿನ ಟ್ಯಾಂಕು ತುಂಬೋಕೆ ಎಷ್ಟು ಹೊತ್ತು ಬೇಕು ಅಂತ ಈ ಮಕ್ಕಳ ಕೈಲಿ ಹೇಳಿಸ್ತೀಯಾ? ತುಂಬಿತಾ, ತುಂಬಿತಾ ಅಂತ ನಾಲ್ಕು ಸಲ ಹತ್ತಿ ಇಳೀಬೇಕು. ಈ ಮಂಡಿ ನನ್ನ ಮಾತು ಕೇಳಲ್ಲ."

ಮೇಡಂಗೆ ಬೇಡವೆನ್ನುವ ತ್ರಾಣವೂ ಇರಲಿಲ್ಲ. "ಹೋಗಿ, ಅಳೆದು ನೋಡ್ಕೊಂಡು ಬನ್ನಿ," ಎಂದು ಕುರ್ಚಿಗೆ ಒರಗಿದರು.

ಮಕ್ಕಳು ಅಂಗಳದ ನಲ್ಲಿಗೆ ಬಕೆಟ್ ಹಿಡಿದರು. ಇಪ್ಪತ್ತು ಲೀಟರಿನ ಬಕೆಟ್ ಒಂದೇ ನಿಮಿಷಕ್ಕೆ ತುಂಬಿತು. ಟ್ಯಾಂಕು ಸಾವಿರ ಲೀಟರಿನದು. "ಐವತ್ತು ನಿಮಿಷ!" ಎಂದು ಕೂಗಿಕೊಂಡು ಬಂದರು. ಮೇಡಂ ತಲೆಯಾಡಿಸಿದರು. ಅಜ್ಜಿ ನೀರು ಬಿಟ್ಟು, ಮೆಟ್ಟಿಲ ಬುಡದಲ್ಲಿ ಕಾಲು ಚಾಚಿ ಕೂತಳು.

ಐವತ್ತು ನಿಮಿಷಕ್ಕೆ ಮೇಲೆ ಹತ್ತಿದವಳು ಏದುಸಿರು ಬಿಡುತ್ತ ತರಗತಿಗೆ ಬಂದಳು.

"ಅರ್ಧ ಕೂಡ ತುಂಬಿಲ್ಲ! ನನ್ನ ಮಂಡಿ ಸವೆಸಿ ಪಾಠ ಮಾಡ್ತೀರೇನು?"

"ಲೆಕ್ಕ ಸರಿ ಇದೆ ಅಜ್ಜಿ, ಟ್ಯಾಂಕೇ ಸರಿ ಇಲ್ಲ," ಎಂದ ತರಗತಿಯ ಲೀಡರು.

"ಹೂಂ, ಅದನ್ನೂ ಬೆಂಚಿನ ಮೇಲೆ ನಿಲ್ಲಿಸಪ್ಪ, ಸರಿ ಹೋಗುತ್ತೆ."

ಮಕ್ಕಳು ಗೊಳ್ಳೆಂದು ನಕ್ಕರು. ಹಿಂದಿನ ಬೆಂಚಿನಲ್ಲಿ ವರ್ಷವಿಡೀ ತೋಳಿನ ಮೇಲೆ ತಲೆಯಿಟ್ಟಿರುತ್ತಿದ್ದ ಹುಡುಗಿಯನ್ನು ಎಲ್ಲರೂ ತೂಕಡಿಕೆ ಎನ್ನುತ್ತಿದ್ದರು. ಅವಳು ತಲೆಯೆತ್ತಿದಳು.

"ಮೇಡಂ, ನಾವು ಅಳೆದಿದ್ದು ಕೆಳಗಿನ ನಲ್ಲೀಲಿ. ಮೇಲೆ ಹತ್ತೋಷ್ಟರಲ್ಲಿ ನೀರಿಗೂ ಸುಸ್ತಾಗಲ್ವಾ?"

ಮೇಡಂ ಅವಳನ್ನೇ ನೋಡಿದರು. ಇಷ್ಟು ಸಣ್ಣ ವಿಷಯ ತಮಗೇ ಹೊಳೆದಿರಲಿಲ್ಲ.

"ಆಗುತ್ತೆ ಕಣೇ. ತಪ್ಪು ನಂದು. ನಾನೂ ಹೂಂ ಅಂದುಬಿಟ್ಟೆ."

"ಹಾಗಾದ್ರೆ ಎಷ್ಟು ಹೊತ್ತು ಬೇಕು?"

"ನನಗೂ ಗೊತ್ತಿಲ್ಲ. ಮೇಲೇ ಹೋಗಿ ಅಳೀಬೇಕು."

"ಬಕೆಟ್ ನಾನು ಹೊರ್ತೀನಿ."

ಅಜ್ಜಿ ಗೊಣಗುತ್ತ ಹೋಗಿ ಶಾಲೆ ಬಿಡುವ ಗಂಟೆ ಹೊಡೆದಳು. ಉಳಿದವರೆಲ್ಲ ಚೀಲ ಹೆಗಲಿಗೇರಿಸಿ ಓಡಿದರು. ತೂಕಡಿಕೆ ಮಾತ್ರ, "ನಾಳೆ ತಾನೇ?" ಎಂದು ಎರಡು ಸಲ ಕೇಳಿ ಹೋದಳು.

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಮೇಡಂ ಪೆನ್ನು ಹಿಡಿದು ಅರ್ಜಿಯ ಮುಂದೆ ಕೂತರು. ಕಾಲು ಊದಿತ್ತು, ಗಂಟಲು ಉರಿಯುತ್ತಿತ್ತು.

"ಇದನ್ನ ಹರಿದುಹಾಕಿ," ಎಂದರು.

"ಮೇಡಂ! ಮತ್ತೆ ಕೇಳೋಕೆ ಇನ್ನು ಮೂರು ವರ್ಷ ಕಾಯಬೇಕು."

"ಟ್ಯಾಂಕಿನ ಲೆಕ್ಕ ತಪ್ಪಾಗಿದೆ. ನಾನು ಹೋದ್ರೆ ಮಕ್ಕಳು ಟ್ಯಾಂಕೇ ಸರಿ ಇಲ್ಲ ಅನ್ಕೊಂಡು ಬೆಳೀತಾರೆ."

"ಒಂದು ಟ್ಯಾಂಕಿಗೋಸ್ಕರ ಮೂರು ವರ್ಷಾನಾ?"

ಮೇಡಂ ಪೆನ್ನನ್ನು ಗುಮಾಸ್ತರ ಮುಂದಿಟ್ಟರು. "ಬೆಳಿಗ್ಗೆ ಅಜ್ಜಿ ಟ್ಯಾಂಕಿಗೆ ನೀರು ಬಿಡೋದು ಎಷ್ಟಕ್ಕೆ?"

"ಎಂಟಕ್ಕೆ."

ಎಂಟಕ್ಕೆ ಇಲ್ಲಿರಬೇಕೆಂದರೆ ಐದಕ್ಕೇ ಏಳಬೇಕು. ಮೇಡಂ ನಿಟ್ಟುಸಿರು ಬಿಟ್ಟು, ಮೇಜಿನ ಅಂಚು ಹಿಡಿದು ಎದ್ದರು.